ಒಣಗದ ಬಟ್ಟೆಯ ಮಳೆಗಾಲ

ಮಲೆನಾಡಿನ ಶಾಲೆಗಳಿಗೆ ಮಳೆಗಾಲದಲ್ಲಿ ಒಂದು ವಾಸನೆ ಇರುತ್ತಿತ್ತು. ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ಓದಿದವರಿಗೆ ಅದು ಗೊತ್ತು. ಜೂನ್ ತಿಂಗಳ ಮಧ್ಯದಿಂದ ತರಗತಿಯಲ್ಲಿ ಯಾರ ಪಕ್ಕ ಕೂತರೂ ಹೊಗೆಯ ವಾಸನೆ. ಬಿಳಿ ಅಂಗಿ, ನೀಲಿ ಲಂಗ, ಜಡೆಯ ರಿಬ್ಬನ್ನು, ಎಲ್ಲದರಲ್ಲೂ. ಬಚ್ಚಲ ಒಲೆಯ ಮೇಲೆ ಅಡ್ಡ ಕಟ್ಟಿದ ಬಿದಿರಿನ ಗಳದಲ್ಲಿ ಒಣಗಿದ ಬಟ್ಟೆಗಳು ಅವು. ಒಣಗಿದ ಅನ್ನುವುದೂ ಔದಾರ್ಯದ ಮಾತೇ. ಕಾಲರು, ಸೊಂಟದ ಪಟ್ಟಿ, ಜೇಬಿನ ಒಳಗೆಲ್ಲ ಹಸಿಯೇ ಇರುತ್ತಿತ್ತು. ಉಳಿದದ್ದು ಮೈಯ ಬಿಸಿಗೆ ಒಣಗಬೇಕು. ಯಾರೂ ಇದನ್ನು ಕಷ್ಟ ಅಂದುಕೊಂಡಿರಲಿಲ್ಲ. ಎಲ್ಲರ ಮೈಯಲ್ಲೂ ಇರುವ ವಾಸನೆ ಯಾರ ಮೂಗಿಗೂ ಬಡಿಯುವುದಿಲ್ಲ.

ಆದರೆ ಮನೆಯಲ್ಲಿ ಹಾಸಿಗೆ ಹಿಡಿದವರೊಬ್ಬರಿದ್ದರೆ ಮಳೆಗಾಲದ ಲೆಕ್ಕವೇ ಬೇರೆ. ಅಪ್ಪಯ್ಯನಿಗೆ ಲಕ್ವ ಹೊಡೆದದ್ದು ಫೆಬ್ರವರಿಯಲ್ಲಿ. ಎಡಗೈ, ಎಡಗಾಲು ಹೋದವು. ಮಾತು ತೊದಲಾಯಿತು. ಬುದ್ಧಿ ಮಾತ್ರ ಅಡಿಕೆ ಮಂಡಿಯ ಲೆಕ್ಕ ತಪ್ಪಿದರೆ ಹಿಡಿಯುವಷ್ಟು ಚುರುಕಾಗಿಯೇ ಉಳಿಯಿತು. ಬೇಸಗೆ ಹೇಗೋ ಕಳೆಯಿತು. ದಿನಕ್ಕೆ ಮೂರು ಹಾಸುಬಟ್ಟೆ, ನಾಲ್ಕು ಪಂಚೆ ಬದಲಾದರೂ ಅಂಗಳದ ಬಿಸಿಲಿಗೆ ಮಧ್ಯಾಹ್ನದೊಳಗೆ ಗರಿಗರಿಯಾಗುತ್ತಿದ್ದವು. ಮಳೆ ಹಿಡಿದ ಹತ್ತೇ ದಿನಕ್ಕೆ ಗಳದ ಮೇಲೆ ಜಾಗ ಮುಗಿಯಿತು. ಅಟ್ಟದಲ್ಲಿ ಹಗ್ಗ, ನಡುಮನೆಯಲ್ಲಿ ಹಗ್ಗ, ದೇವರ ಕೋಣೆಯ ಬಾಗಿಲ ತನಕ ಹಗ್ಗ. ಅಮ್ಮ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ತೋಟದ ಕೆಲಸದವರು ಬರುವ ಮೊದಲೇ ಎಲ್ಲವನ್ನೂ ಕಲ್ಲಿನ ಮೇಲೆ ಒಗೆದು ಮುಗಿಸುತ್ತಿದ್ದಳು. ಯಾರ ಕಣ್ಣಿಗೂ ಬೀಳಬಾರದು. ಮಡಿಕೆ ಮುರಿಯದ ಬಿಳಿ ಪಂಚೆ ಉಟ್ಟು ಸೊಸೈಟಿ ಮೀಟಿಂಗಿಗೆ ಹೋಗುತ್ತಿದ್ದ ಮನುಷ್ಯ ಅವರು.

ಜುಲೈಯಲ್ಲಿ ಚಳಿಜ್ವರ ಬಂತು. ಮೂತ್ರದ ಸೋಂಕು, ನೀರು ಸಾಲದಾಗಿದೆ ಅಂದರು ಡಾಕ್ಟರು. ಆಮೇಲೆ ಗಮನಿಸಿದರೆ ಅಪ್ಪಯ್ಯ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬೆಳಗ್ಗೆ ಅರ್ಧ ಲೋಟ ಕಾಫಿ, ಊಟಕ್ಕೆ ಮಜ್ಜಿಗೆ ಬೇಡ, ಸಂಜೆಯಾದ ಮೇಲೆ ಒಂದು ಗುಟುಕೂ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಅಮ್ಮ ಅತ್ತ ಹೋಗುವ ತನಕ ಕಾದು ನನ್ನ ಹತ್ತಿರ ಹೇಳಿದರು: “ಬಟ್ಟೆ ಒಣಗೋದಿಲ್ಲಲ್ಲ ಮಗಾ.”

ನಮ್ಮ ಮನೆಗೆ ಒಗೆಯುವ ಯಂತ್ರವೂ ಒಣಗಿಸುವ ಯಂತ್ರವೂ ಬಂದದ್ದು ಈ ಒಂದು ಮಾತಿನಿಂದ.

ಶಿವಮೊಗ್ಗದ ಅಂಗಡಿಯ ಹುಡುಗ ಮೊದಲು ಕೇಳಿದ್ದು, “ಮನೇಲಿ ಎಷ್ಟು ಜನ ಮೇಡಂ?” ಇಬ್ಬರು ಅಂದೆ. “ಹಾಗಾದ್ರೆ ಆರು ಕೆಜಿ ಧಾರಾಳ ಸಾಕು.” ಅಂಗಡಿಯ ಲೆಕ್ಕದಲ್ಲಿ ಜನ ಇರುತ್ತಾರೆ, ಹಾಸಿಗೆ ಇರುವುದಿಲ್ಲ. ಒಂದು ಡಬಲ್ ಹಾಸುಬಟ್ಟೆ, ಎರಡು ದಪ್ಪ ಟವೆಲ್ಲು, ಒಂದು ಹೊದಿಕೆ ಹಾಕಿದರೆ ಆರು ಕೆಜಿಯ ಡ್ರಮ್ಮು ಕಿಕ್ಕಿರಿಯುತ್ತದೆ. ಡ್ರಮ್ಮಿನಲ್ಲಿ ಮೇಲುಗಡೆ ಒಂದು ಗೇಣಾದರೂ ಖಾಲಿ ಜಾಗ ಇರದಿದ್ದರೆ ಬಟ್ಟೆ ಉರುಳುತ್ತದೆಯೇ ಹೊರತು ಬೀಳುವುದಿಲ್ಲ. ಬೀಳದಿದ್ದರೆ ಕೊಳೆ ಹೋಗುವುದಿಲ್ಲ. ಮುಂದಿನಿಂದ ಬಾಗಿಲು ತೆರೆಯುವ ಯಂತ್ರದ ಗುಟ್ಟೇ ಅದು. ಮೇಲಿನಿಂದ ತುಂಬುವ ಯಂತ್ರದಲ್ಲಿ ಬಟ್ಟೆ ನೀರಿನಲ್ಲಿ ಮುಳುಗಿ ಗಿರಗಿರ ಸುತ್ತುತ್ತದೆ. ಇದರಲ್ಲಿ ಡ್ರಮ್ಮು ಅಡ್ಡ ಮಲಗಿರುತ್ತದೆ, ನೀರು ತಳದಲ್ಲಿ ಅಷ್ಟಿಷ್ಟು. ಒಳಗಿನ ದಿಂಡುಗಳು ಬಟ್ಟೆಯನ್ನು ಮೇಲಕ್ಕೆ ಎತ್ತಿ ಕೆಳಗೆ ಕೆಡವುತ್ತವೆ. ಒಗೆಯುವ ಕಲ್ಲಿನ ಮುಂದೆ ನಿಂತು ಅಮ್ಮ ಐವತ್ತು ವರ್ಷ ಮಾಡಿದ್ದೂ ಅದನ್ನೇ.

ನಾನು ನೋಡಿದ್ದು ಎರಡೇ ವಿಷಯ. ಒಂದು, ನೀರನ್ನು 60 ಡಿಗ್ರಿಯ ತನಕ ಕಾಯಿಸಬೇಕು. ರೋಗಿಯ ಬಟ್ಟೆಗೆ ಅದು ಬೇಕು. ಇನ್ನೊಂದು, ಹಿಂಡುವಾಗ ನಿಮಿಷಕ್ಕೆ 1200 ಸುತ್ತಾದರೂ ತಿರುಗಬೇಕು. ಎರಡನೆಯದಕ್ಕೆ ಕಾರಣ ಶುದ್ಧ ಭೌತಶಾಸ್ತ್ರ. ಒಂದು ಲೀಟರ್ ನೀರನ್ನು ಶಾಖದಿಂದ ಆವಿ ಮಾಡಬೇಕಾದರೆ ಸುಮಾರು 0.65 ಯೂನಿಟ್‌ನಷ್ಟು ಶಕ್ತಿ ಬೇಕೇ ಬೇಕು. ಅದೇ ನೀರನ್ನು ಗಿರಗಿರ ತಿರುಗಿಸಿ ಹೊರಗೆ ಎಸೆಯಲು ಅದರ ಒಂದು ಚೂರು ಸಾಕು. ಆದ್ದರಿಂದ ಒಣಗಿಸುವ ಕೆಲಸ ಶುರುವಾಗುವುದು ಡ್ರೈಯರಿನಲ್ಲಲ್ಲ, ವಾಷರಿನ ಕೊನೆಯ ಹತ್ತು ನಿಮಿಷದಲ್ಲಿ. ಉಳಿದಂತೆ ಫೋನಿನಿಂದ ಚಾಲೂ ಮಾಡುವುದು, ಹದಿನೈದು ಬಗೆಯ ಬಟ್ಟೆಗೆ ಹದಿನೈದು ಗುಂಡಿ, ಇವಕ್ಕೆ ಕೊಡುವ ದುಡ್ಡು ದಂಡ. ಅಮ್ಮ ಇವತ್ತಿಗೂ ಬಳಸುವುದು ಎರಡೇ ಗುಂಡಿ.

ಎರಡೂ ಒಂದರಲ್ಲೇ ಆಗುವ ಯಂತ್ರ ತೆಗೆದುಕೊಳ್ಳಿ ಎಂದು ಬಹಳ ಜನ ಹೇಳಿದರು. ಪಟ್ಟಣದ ಸಣ್ಣ ಮನೆಗೆ ಅದು ಸರಿ. ಆದರೆ ಅದರ ಡಬ್ಬದ ಮೇಲಿನ ಅಕ್ಷರ ಓದಬೇಕು: ಒಗೆಯಲು ಎಂಟು ಕೆಜಿ, ಒಣಗಿಸಲು ಐದು. ಒಗೆದದ್ದರಲ್ಲಿ ಅರ್ಧ ತೆಗೆದಿಟ್ಟು ಒಣಗಿಸಬೇಕು. ಅದು ಒಣಗಿಸುತ್ತಿರುವಷ್ಟು ಹೊತ್ತು ಮುಂದಿನದನ್ನು ಒಗೆಯುವಂತಿಲ್ಲ. ಕೆಟ್ಟರೆ ಎರಡೂ ಒಟ್ಟಿಗೆ ಕೆಡುತ್ತವೆ. ಅಪ್ಪಯ್ಯನ ಬಟ್ಟೆಯ ವೇಗಕ್ಕೆ ಅದು ಆಗುತ್ತಿರಲಿಲ್ಲ. ಬೇರೆಬೇರೆ ತೆಗೆದುಕೊಂಡೆವು. ಡ್ರೈಯರಿನಲ್ಲಿ ಮೂರು ಜಾತಿ. ಹಸಿ ಗಾಳಿಯನ್ನು ಕೊಳವೆಯಿಂದ ಹೊರಗೆ ಬಿಡುವುದು ಅಗ್ಗ. ಆವಿಯನ್ನು ಮತ್ತೆ ನೀರು ಮಾಡಿ ತೊಟ್ಟಿಯಲ್ಲಿ ಹಿಡಿಯುವುದು ನಡುವಿನದು. ಹೀಟ್ ಪಂಪಿನದು ಕರೆಂಟು ಕಡಿಮೆ ತಿನ್ನುತ್ತದೆ, ಬೆಲೆಯಲ್ಲಿ ಅದನ್ನು ಮೊದಲೇ ವಸೂಲಿ ಮಾಡಿರುತ್ತದೆ. ನಾವು ತಂದದ್ದು ಕೊಳವೆಯದು.

ಎಲ್ಲಿಡುವುದು ಅನ್ನುವುದಕ್ಕೆ ಮನೆಯಲ್ಲಿ ಒಂದು ವಾರ ಚರ್ಚೆ. ಬಚ್ಚಲಲ್ಲಿಟ್ಟು ಕೊಳವೆಯನ್ನು ಒಲೆಯ ಹೊಗೆಗೂಡಿಗೇ ಸೇರಿಸಿಬಿಡಿ ಅಂದರು ಚಿಕ್ಕಪ್ಪ. ಡ್ರೈಯರಿನಿಂದ ಗಾಳಿಯ ಜೊತೆ ಹತ್ತಿಯಂಥ ನಾರಿನ ದೂಳೂ ಬರುತ್ತದೆ, ಕಿಡಿ ತಗುಲಿದರೆ ಭಗ್ಗೆನ್ನುವ ವಸ್ತು. ಅದೂ ಅಲ್ಲದೆ ಡ್ರೈಯರು ತಾನಿರುವ ಕೋಣೆಯ ಗಾಳಿಯನ್ನೇ ಎಳೆದುಕೊಂಡು ಕಾಯಿಸುವುದು. ಬಚ್ಚಲಲ್ಲಿಟ್ಟರೆ ಸಾವಿರಾರು ರೂಪಾಯಿ ಕೊಟ್ಟು ಮತ್ತೆ ಅದೇ ಹೊಗೆ ವಾಸನೆಯ ಬಟ್ಟೆ. ಕೊನೆಗೆ ಹಿತ್ತಲ ಜಗಲಿಯಲ್ಲಿಟ್ಟು, ಗೋಡೆ ಕೊರೆದು ಕೊಳವೆಯನ್ನು ಹೊರಗೆ ಬಿಟ್ಟೆವು. ಎರಡಕ್ಕೂ ಬೇರೆಬೇರೆ ದೊಡ್ಡ ಪ್ಲಗ್ಗು, ಸರಿಯಾದ ಅರ್ಥಿಂಗು. ನೀರು ಕಾಯಿಸುವಾಗ ಅದೂ, ಗಾಳಿ ಕಾಯಿಸುವಾಗ ಇದೂ ತಲಾ ಎರಡು ಕಿಲೋವಾಟ್‌ ಆಸುಪಾಸಿನವು. ಹಳ್ಳಿಯ ಲೈನಿನಲ್ಲಿ ಎರಡನ್ನೂ ಒಟ್ಟಿಗೆ ಹಾಕಿದರೆ ನಡುಮನೆಯ ದೀಪ ಹಣತೆಯಾಗುತ್ತದೆ.

ಸ್ವೀಡನ್ನಿನ ವೈದ್ಯ, ಅಂಕಿಅಂಶಗಳ ಮಾಂತ್ರಿಕ ಹಾನ್ಸ್ ರೋಸ್ಲಿಂಗ್ 2010ರಲ್ಲಿ ಮಾಡಿದ ಒಂದು ಭಾಷಣ ಪ್ರಸಿದ್ಧ. ಅವರು ನಾಲ್ಕು ವರ್ಷದವರಿದ್ದಾಗ ಮನೆಗೆ ಮೊದಲ ವಾಷಿಂಗ್ ಮಷೀನು ಬಂತಂತೆ. ನೋಡಲು ಬಂದ ಅಜ್ಜಿ ಗುಂಡಿ ತಾನೇ ಒತ್ತಿ, ಕುರ್ಚಿ ಹಾಕಿಕೊಂಡು, ಬಟ್ಟೆ ಒಗೆದು ಮುಗಿಯುವ ತನಕ ಅದನ್ನೇ ನೋಡುತ್ತ ಕೂತರಂತೆ. ಉಳಿದ ಹೊತ್ತಿನಲ್ಲಿ ಅಮ್ಮ ತನ್ನನ್ನು ಲೈಬ್ರರಿಗೆ ಕರೆದೊಯ್ದಳು, ಹಾಗಾಗಿ ಯಂತ್ರದೊಳಗೆ ಬಟ್ಟೆ ಹಾಕಿದರೆ ಪುಸ್ತಕ ಬರುತ್ತದೆ ಎಂಬರ್ಥದ ಮಾತು ಅವರದು. ಇದಕ್ಕೆ ಎದುರಾಗಿ ಇಡಬೇಕಾದದ್ದು ಅಮೆರಿಕದ ಚರಿತ್ರಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಬರೆದ ‘ಮೋರ್ ವರ್ಕ್ ಫಾರ್ ಮದರ್’. ಯಂತ್ರಗಳು ಬಂದವು, ತಾಯಂದಿರ ದುಡಿಮೆಯ ಹೊತ್ತು ಮಾತ್ರ ಇಳಿಯಲಿಲ್ಲ. ಹೊರಗೆ ಹೋಗುತ್ತಿದ್ದ ಬಟ್ಟೆ ಮನೆಗೇ ವಾಪಸು ಬಂತು, ಬಟ್ಟೆ ಬದಲಿಸುವುದೂ ಹೆಚ್ಚಾಯಿತು ಎಂಬ ವಾದ ಅಲ್ಲಿದೆ. ನನ್ನ ವಿದ್ಯಾರ್ಥಿಗಳಿಗೆ ಇವೆರಡನ್ನೂ ಒಟ್ಟಿಗೆ ಓದಿಸಿದ್ದೇನೆ, ಬೆಂಗಳೂರಿನ ನನ್ನ ಫ್ಲ್ಯಾಟಿನಲ್ಲಿ ಕೋವನ್ ಹೇಳಿದ್ದೇ ಹೆಚ್ಚು ನಿಜ ಅನ್ನಿಸಿದೆ.

ಹಿತ್ತಲ ಜಗಲಿಯಲ್ಲಿ ಇಬ್ಬರೂ ಹೇಳದ ಇನ್ನೊಂದು ನಡೆಯಿತು. ಯಂತ್ರಕ್ಕೆ ಗಾಜಿನ ದುಂಡು ಬಾಗಿಲು. ಕೆಲಸದವರು ಹತ್ತು ಗಂಟೆಗೆ ಕಾಫಿಗೆ ಬಂದು ಕೂರುವುದು ಅದರ ಎದುರಿನ ಕಟ್ಟೆಯಲ್ಲೇ. ಮೊದಲ ದಿನ ಎಲ್ಲರೂ ಬೆರಗಿನಿಂದ ನೋಡಿದರು, ರೋಸ್ಲಿಂಗರ ಅಜ್ಜಿಯ ಹಾಗೆಯೇ. ಎರಡನೇ ದಿನ ಅಮ್ಮ ಹಳೇ ಟವೆಲೊಂದಕ್ಕೆ ದಾರ ಹೊಲಿದು ಗಾಜಿನ ಮೇಲೆ ಪರದೆ ಕಟ್ಟಿದಳು. ಈಗಲೂ ಅದಿದೆ. ದೇವರ ಕೋಣೆಯ ಬಟ್ಟೆ, ತನ್ನ ಮಡಿಸೀರೆ ಮಾತ್ರ ಆ ಡ್ರಮ್ಮಿಗೆ ಹೋಗುವುದಿಲ್ಲ. ಅವಕ್ಕೆ ಕಲ್ಲೇ. ನಾನು ವಾದ ಮಾಡಲಿಲ್ಲ.

ಯಂತ್ರದ ಕಾಯಿಲೆಗಳೂ ಒಂದೊಂದಾಗಿ ಬಂದವು. ಬೆಂಗಳೂರಿನಲ್ಲಿ ಬೋರ್‌ವೆಲ್ಲಿನ ಗಡಸು ನೀರು ಹೀಟರಿನ ಸುರುಳಿಗೆ ಸುಣ್ಣದ ಕವಚ ತೊಡಿಸುತ್ತದೆ. ಖಾಲಿ ಡ್ರಮ್ಮಿಗೆ ನಿಂಬೆ ಉಪ್ಪು ಹಾಕಿ ಬಿಸಿನೀರಿನಲ್ಲಿ ಓಡಿಸಿದರೆ ಬಿಡುತ್ತದೆ. ಊರಿನ ನೀರಿಗೆ ಆ ರೋಗವಿಲ್ಲ. ನಮ್ಮದು ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು, ಒತ್ತಡಕ್ಕೂ ಕೊರತೆಯಿಲ್ಲ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಲೆಕ್ಕ. ಬಹಳಷ್ಟು ಯಂತ್ರಗಳು ಕೇಳುವುದು ಅದಕ್ಕಿಂತ ಕಡಿಮೆಯೇ. ಆದರೆ ಜುಲೈ ಮಳೆಗೆ ಅಬ್ಬಿ ಕೆಂಪಾಗುತ್ತದೆ. ಮೂರನೇ ವಾರ ಯಂತ್ರ ಪೀಂ ಪೀಂ ಎಂದು ನೀರು ಬರುತ್ತಿಲ್ಲ ಅಂತ ಹಠ ಹಿಡಿಯಿತು. ನಲ್ಲಿ ಬಿಟ್ಟರೆ ಧೋ ಎಂದು ಸುರಿಯುತ್ತದೆ! ಹಿಂದಿನ ಪೈಪು ಬಿಚ್ಚಿದರೆ, ಅದು ಯಂತ್ರಕ್ಕೆ ಸೇರುವ ಬಾಯಲ್ಲಿ ಬೆರಳುಗುರಿನಷ್ಟು ಸಣ್ಣ ಜಾಲರಿ. ಅದರ ತುಂಬ ಕೆಂಪು ಗೊಡ್ಡು, ಕೊಳೆತ ಎಲೆಯ ನಾರು. ಇಕ್ಕಳದಲ್ಲಿ ಎಳೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ಹಾಕಿದರೆ ಮುಗಿಯಿತು. ಈಗ ಅದಕ್ಕೂ ಹಿಂದೆ ಇನ್ನೊಂದು ಫಿಲ್ಟರು ಕೂರಿಸಿದ್ದೇವೆ, ಅಮ್ಮ ಸೋಮವಾರ ಸೋಮವಾರ ತೊಳೆಯುತ್ತಾಳೆ.

ಹಿಂಡುವಾಗ ಗಡಗಡ ಎಂದು ಕುಣಿದದ್ದು ಇನ್ನೊಂದು. ಹೊಸ ಯಂತ್ರ ಕುಣಿದರೆ ಮೊದಲು ನೋಡಬೇಕಾದದ್ದು ಸಾಗಣೆಗೆಂದು ಹಿಂದೆ ಬಿಗಿದಿರುವ ಬೋಲ್ಟುಗಳನ್ನು ತೆಗೆದಿದ್ದಾರಾ ಎಂದು. ನಮ್ಮದರಲ್ಲಿ ತೆಗೆದಿದ್ದರು. ತೊಂದರೆ ಇದ್ದದ್ದು ಜಗಲಿಯಲ್ಲಿ. ಎರಚಲು ನೀರು ಹರಿದುಹೋಗಲಿ ಎಂದು ಅಜ್ಜನ ಕಾಲದಲ್ಲೇ ನೆಲ ಇಳಿಜಾರು ಮಾಡಿದ್ದರು. ಗಾರೆಯವನ ಮಟ್ಟಗೋಲು ಇಟ್ಟು ನಾಲ್ಕು ಕಾಲನ್ನೂ ಒಂದೊಂದಾಗಿ ತಿರುಗಿಸಿ ಸಮ ಮಾಡಿದ್ದಾಯಿತು. ಆದರೂ ದಪ್ಪ ಹೊದಿಕೆಯೊಂದನ್ನೇ ಹಾಕಿದರೆ ಅದು ನೆನೆದು ಒಂದು ಕಡೆ ಮುದ್ದೆಯಾಗಿ, ಯಂತ್ರ ಹಿಂಡಲು ಒಪ್ಪದೆ ನಿಲ್ಲುತ್ತದೆ. ಜೊತೆಗೆ ಎರಡು ಟವೆಲ್ಲು ಹಾಕಿದರೆ ತೂಕ ಹಂಚಿಹೋಗುತ್ತದೆ. ಹಾಸಿಗೆಯ ರಬ್ಬರ್ ಶೀಟನ್ನಂತೂ ಅದಕ್ಕೆ ಹಾಕಲೇಬಾರದು. ನೀರನ್ನು ಹಿಡಿದಿಟ್ಟುಕೊಂಡು ಡ್ರಮ್ಮನ್ನೇ ಓಲಾಡಿಸುತ್ತದೆ. ಅದು ಕೈಯಲ್ಲೇ.

ಆಗಸ್ಟಿನ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟು ಹೋಯಿತು. ಬಟ್ಟೆ ಒಳಗೆ, ನೀರು ಒಳಗೆ, ಬಾಗಿಲು ಬಿಗಿ. ನಾನು ಬೆಂಗಳೂರಿನಲ್ಲಿ, ಅಮ್ಮ ಫೋನಿನಲ್ಲಿ. ಕೆಳಗಿನ ಬಲಮೂಲೆಯ ಸಣ್ಣ ಮುಚ್ಚಳ ತೆಗೆ, ಪುಟ್ಟ ಪೈಪು ಸಿಗುತ್ತದೆ, ಬಿರಟೆ ಬಿಚ್ಚು ಅಂದೆ. “ನೆಲದಿಂದ ಎರಡು ಬೆರಳು ಎತ್ತರ ಇಲ್ಲ ಮಾರಾಯ್ತಿ, ಬಕೆಟ್ ಎಲ್ಲಿ ಹಿಡೀಲಿ?” ಅಂದಳು. ಆಮೇಲೆ ತಾನೇ ಒಳಗಿಂದ ಹಿತ್ತಾಳೆ ಹರಿವಾಣ ತಂದು, ತುಂಬಿದಷ್ಟು ಸಲ ಚೆಲ್ಲಿ ನೀರು ಖಾಲಿ ಮಾಡಿದಳು. ಆ ಪೈಪಿನ ಪಕ್ಕದ ಫಿಲ್ಟರು ತಿರುಗಿಸಿದಾಗ ಸಿಕ್ಕಿದ್ದು ಒಂದು ಅಂಗಿಗುಂಡಿ, ಎರಡು ಪಿನ್ನು, ಅಪ್ಪಯ್ಯನ ಕವಳದ ಅಡಿಕೆ ಹೋಳು. ಕವಳ ಬಿಟ್ಟಿದ್ದೇನೆ ಎಂದು ಡಾಕ್ಟರ ಮುಂದೆ ಹೇಳಿದವರು.

ಡ್ರೈಯರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪ್ರತಿ ಸಲ ಜಾಲರಿಯ ನಾರು ತೆಗೆಯಬೇಕು. ನಡುವೆ ಕರೆಂಟು ಹೋದರೆ ಬಿಸಿಬಟ್ಟೆಯನ್ನು ಅಲ್ಲೇ ಮುದ್ದೆಯಾಗಿ ಬಿಡದೆ ಕೂಡಲೇ ತೆಗೆದು ಹರವಬೇಕು. ಎಲ್ಲಕ್ಕಿಂತ ಮುಖ್ಯ, ಅಪ್ಪಯ್ಯನಿಗೆ ತೈಲ ತಿಕ್ಕಿ ಒರೆಸಿದ ಬಟ್ಟೆ ಡ್ರೈಯರಿಗೆ ಬೇಡ. ಎಣ್ಣೆ ಒಗೆದರೂ ಪೂರ್ತಿ ಹೋಗುವುದಿಲ್ಲ, ಬಿಸಿಯಾಗಿ ರಾಶಿ ಬಿದ್ದ ಎಣ್ಣೆಬಟ್ಟೆ ತನ್ನಷ್ಟಕ್ಕೇ ಹೊತ್ತಿಕೊಳ್ಳಬಹುದು. ಅವು ಈಗಲೂ ಬಚ್ಚಲ ಗಳದ ಮೇಲೆಯೇ. ಹಾಗಾಗಿ ಮನೆಯಲ್ಲಿ ಹೊಗೆ ವಾಸನೆ ಅಷ್ಟು ಉಳಿದಿದೆ.

ಒಣ ಹಾಸುಬಟ್ಟೆ ನಾಲ್ಕು ಮಡಿಸಿ ತಲೆದಿಂಬಿನ ಪಕ್ಕದ ಸ್ಟೂಲಿನಲ್ಲಿ ಇರುತ್ತವೆ, ಅಪ್ಪಯ್ಯನಿಗೆ ಕಾಣುವ ಹಾಗೆ. ಅಲ್ಲಿಡಬೇಕು ಎಂದದ್ದು ಅಮ್ಮ. ಅದರ ಪಕ್ಕದ ತಂಬಿಗೆ ಸಂಜೆಯೊಳಗೆ ಖಾಲಿಯಾಗುತ್ತದೆ. ಅಮ್ಮ ಏಳುವುದು ಈಗ ಐದೂವರೆಗೆ.

ಒಗೆದಾದ ಮೇಲೆ ಬಾಗಿಲು ತೆರೆದಿಡಿ, ಇಲ್ಲದಿದ್ದರೆ ರಬ್ಬರಿನ ಬಳೆಯಲ್ಲಿ ಬೂಷ್ಟು ಹಿಡಿದು ನಾರುತ್ತದೆ ಎಂದು ರಿಪೇರಿಯ ಹುಡುಗ ಹೇಳಿಹೋದ. ಮಳೆಗಾಲದಲ್ಲಿ ಅದು ನಿಜವೇ. ಅಮ್ಮ ಎರಡರ ಬಾಗಿಲನ್ನೂ ತೆರೆದಿಡತೊಡಗಿದಳು. ಒಂದು ಮಧ್ಯಾಹ್ನ ಡ್ರೈಯರಿಗೆ ಬಟ್ಟೆ ತುಂಬಲು ಕೈ ಹಾಕಿದರೆ ಮೆತ್ತಗೆ, ಬೆಚ್ಚಗೆ, ಉಸಿರಾಡುತ್ತಿದೆ. ಮನೆಯ ಬೆಕ್ಕು. ಅಂದಿನಿಂದ ಗುಂಡಿ ಒತ್ತುವ ಮೊದಲು ಅಮ್ಮ ಎರಡೂ ಡ್ರಮ್ಮಿನೊಳಗೆ ಭುಜದ ತನಕ ಕೈ ಹಾಕಿ ತಡಕುತ್ತಾಳೆ. ತಡಕಿಯೂ ಸಮಾಧಾನವಾಗದಿದ್ದರೆ ಜಗಲಿಯಿಂದಲೇ ಕೂಗುತ್ತಾಳೆ, “ಅದು ಅಲ್ಲಿದ್ಯಾ?” ಒಳಗಿನ ಕೋಣೆಯಿಂದ ಅಪ್ಪಯ್ಯನ ತೊದಲು ದನಿ ಬರುತ್ತದೆ: “ನನ್ನ ಕಾಲ ಹತ್ರ ಮಲಗಿದೆ. ಹಾಕು ಹಾಕು.”