ಬಿಡಿ ಮೊಳೆಯ ಅಂಗಡಿ: ಸಾಗರದ ದಿನಚರಿಯಿಂದ

ಜೂನ್ 9, 2025, ಸೋಮವಾರ

ಮೇ ಕೊನೆಗೇ ಹಿಡಿದ ಮಳೆ. ಟಾರ್ಪಾಲು ಬೇಕಾದವರೆಲ್ಲ ಆಗಲೇ ಒಯ್ದಾಗಿದೆ. ಜೂನಿಗೆಂದು ತರಿಸಿದ ಬಂಡಲುಗಳು ಅಟ್ಟದ ಮೇಲೆ ಹಾಗೇ ಇವೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರು ಹೊಳವಿಗೆ ಕಾಯುತ್ತಿದ್ದಾರೆ. ಇವತ್ತು ಹೋದದ್ದು ವಾಶರು, ಹೋಸ್ ಕ್ಲಿಪ್ಪು, ಒಂದೆರಡು ನಾಜಲ್ಲು.

ಸಂಜೆ ಕೆಳದಿ ಕಡೆಯವರೊಬ್ಬರು ಸ್ಪ್ರೇ ಪೈಪ್ ಒಯ್ದರು. "ಅಡಿಕೆ ಕೊಟ್ಟ ಮೇಲೆ ಒಟ್ಟಿಗೆ ಕೊಡ್ತೀನಿ, ಬರ್ಕೊಳಮ್ಮ." ಬರೆದುಕೊಂಡೆ. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹೋಗುವಾಗ ಜನವರಿ. ಅಪ್ಪನ ಕಾಲದಿಂದಲೂ ಪುಸ್ತಕ ಹೀಗೇ ನಡೆದಿದೆ.

ಜೂನ್ 17, ಮಂಗಳವಾರ

ಶಿವಮೊಗ್ಗದ ಹೋಲ್‌ಸೇಲಿನ ಹುಡುಗ ಬಂದಿದ್ದ. ದುಡ್ಡು ಕಟ್ಟಲು ಇದ್ದ 60 ದಿನದ ಗಡುವು ಇನ್ನು ಮೇಲೆ 15. "ದಾಟಿದ್ರೆ ಮುಂದಿನ ಬಿಲ್ಲನ್ನ ಕಂಪ್ಯೂಟರೇ ತಗೊಳ್ಳಲ್ಲ ಅಕ್ಕ."

ಹೋಲ್‌ಸೇಲಿನ ಯಜಮಾನರಿಗೆ ಫೋನು ಮಾಡಿದೆ. ಕಂಪನಿಯವರು ಈಗ ಮುಂಗಡ ಬಾರದೆ ಲೋಡೇ ಬಿಡುವುದಿಲ್ಲವಂತೆ. ಇವರು ಬ್ಯಾಂಕಿನ ಓವರ್‌ಡ್ರಾಫ್ಟ್ ಪೂರ್ತಿ ಎತ್ತಿದ್ದಾರಂತೆ. ನಾನು ಜಗಳಕ್ಕೆಂದು ಫೋನು ಮಾಡಿದ್ದು, ಇಡುವಾಗ ಅವರಿಗೇ ಸಮಾಧಾನ ಹೇಳಿದ್ದೆ. ನನ್ನ ಮದುವೆಗೆ ಬಂದವರು.

ಪಿವಿಸಿ ಪೈಪಿನ ರೇಟು ಮತ್ತೆ ಇಳಿದಿದೆ. ರೆಸಿನ್ ಇಳಿದ ವಾರವೇ ಹೊಸ ಪಟ್ಟಿ ಬರುತ್ತದೆ. ಗೋಡೆಗೆ ಒರಗಿಸಿಟ್ಟ ಪೈಪೆಲ್ಲ ಹಳೇ ರೇಟಿನದು.

ಜುಲೈ 4, ಶುಕ್ರವಾರ

ಆನ್‌ಲೈನಿನಲ್ಲಿ ತರಿಸಿದ ಡ್ರಿಲ್ ಮೆಶಿನ್ ಹಿಡಿದುಕೊಂಡು ಹುಡುಗನೊಬ್ಬ ಬಂದ. ತಿರುಗುತ್ತಿಲ್ಲ. ಅಪ್ಪ ಕನ್ನಡಕ ಏರಿಸಿ ಬಿಚ್ಚಿ ನೋಡಿದರು. ಕಾರ್ಬನ್ ಬ್ರಶ್ ಸವೆದಿತ್ತು. ಡಬ್ಬಿಯಲ್ಲಿ ಅಳತೆಗೆ ಸರಿಹೋಗುವ ಜೋಡಿ ಹುಡುಕಿ ಹಾಕಿಕೊಟ್ಟರು. ಬ್ರಶ್ಶಿನ ದುಡ್ಡು ಮಾತ್ರ ತೆಗೆದುಕೊಂಡರು.

ಹೋದ ಮೇಲೆ ರೇಗಿದೆ. ಮೆಶಿನ್ ಅಲ್ಲಿ, ರಿಪೇರಿ ಇಲ್ಲಿ. "ಕೆಲಸಕ್ಕೆ ಹೊರಟವನ ಕೈ ಕಟ್ಟಿಹಾಕೋಕಾಗುತ್ತಾ?" ಎಂದರು ಅಪ್ಪ. ಅವರು ಹೇಳಿದ್ದು ಸರಿ. ನನ್ನ ಸಿಟ್ಟೂ ಸರಿ.

ಜುಲೈ 19, ಶನಿವಾರ

ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆಯವರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದೇ ಎಲ್ಲೆಡೆ ಮಾತು. ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟಿದರೆ ನೋಂದಣಿ ಆಗಲೇಬೇಕು. ನಮ್ಮದು 2017ರ ಜಿಎಸ್‌ಟಿಗೂ ಮುಂಚೆ ವ್ಯಾಟ್‌ನಲ್ಲೇ ಇತ್ತು, ಭಯವಿಲ್ಲ. ಪಕ್ಕದ ಬೇಕರಿಯವರು ಸ್ಕ್ಯಾನರ್ ಕಿತ್ತು "ನಗದು ಮಾತ್ರ" ಎಂದು ಬರೆದು ಅಂಟಿಸಿದ್ದಾರೆ. ನಮ್ಮಲ್ಲಿಗೆ ಬರುವ ಗಾರೆಯವರೂ ನೋಟು ಕೊಡುತ್ತಿದ್ದಾರೆ. ಚಿಲ್ಲರೆ ಸಾಲುತ್ತಿಲ್ಲ.

ಜುಲೈ 23, ರಾತ್ರಿ

ಹಳೇ ಬಾಕಿ ವಸೂಲಿ ಇಲ್ಲ, ನೋಂದಣಿ ಮಾತ್ರ ಮಾಡಿಸಿಕೊಳ್ಳಬೇಕು ಎಂದಿದ್ದಾರೆ ಮುಖ್ಯಮಂತ್ರಿ. ಬೇಕರಿಯವರ ಮುಖಕ್ಕೆ ಕಳೆ ಬಂತು. ಸ್ಕ್ಯಾನರ್ ಇನ್ನೂ ಡ್ರಾಯರಿನಲ್ಲೇ ಇದೆ.

ಆಗಸ್ಟ್ 12, ಮಂಗಳವಾರ

ಸೊರಬ ರಸ್ತೆಯ ಕುಲುಮೆಗೆ ಹೋಗಿದ್ದೆ. ಆಚಾರ್ರು ಲಾರಿಯ ಹಳೇ ಪಟ್ಟಿ ಕಾಸಿ ಕತ್ತಿ ಬಡಿಯುತ್ತಿದ್ದರು. ಇದ್ದಿಲು ಸಿಗುವುದೇ ಕಷ್ಟವಂತೆ. ಮೆಟ್ಟುಗತ್ತಿ ಈ ಸಲ ಎಷ್ಟು ಬೇಕೆಂದು ಕೇಳಿದರು. ಅಡಿಕೆ ಸುಲಿಯುವ ಮೆಶಿನ್ ಬಂದ ಮೇಲೆ ಹೋಗುವುದು ಕಡಿಮೆ. ಹಿಂದೆ ಅಪ್ಪ ಸುಗ್ಗಿಗೆ ಮುಂಚೆ ಗೋಣಿಚೀಲದಲ್ಲಿ ತುಂಬಿಸಿ ತರುತ್ತಿದ್ದರು. ಹತ್ತು ಸಾಕು ಎನ್ನಲು ಹೋಗಿದ್ದವಳು ಇಪ್ಪತ್ತು ಎಂದೆ.

ನಮ್ಮ ಬೀಗ ಅಲಿಗಢದ್ದು, ಹಿತ್ತಾಳೆ ಸಾಮಾನು ಜಾಮ್‌ನಗರದ್ದು, ಸ್ಪ್ಯಾನರು ಜಲಂಧರದ್ದು, ನಟ್ಟು ಬೋಲ್ಟು ಲೂಧಿಯಾನದ್ದು. ಮಾಡಿದವರ ಮುಖ ನೋಡಿ ಕೊಳ್ಳುವ ಸಾಮಾನು ಇವರ ಕತ್ತಿಯೊಂದೇ. ಹದ ತಪ್ಪಿದೆ ಎಂದು ಒಂದೂ ವಾಪಸ್ ಬಂದದ್ದು ನೆನಪಿಲ್ಲ.

ಹೊರಡುವಾಗ, "ಹಳೇದು ಸ್ವಲ್ಪ ಬಾಕಿ ಇತ್ತಲ್ಲ ತಂಗಿ" ಎಂದರು. ನೆಲ ನೋಡುತ್ತಾ ಎಂದರು. ಶಿವಮೊಗ್ಗಕ್ಕೆ ಹದಿನೈದು ದಿನಕ್ಕೆ ಕಟ್ಟುತ್ತಿದ್ದೇನೆ, ಇವರಿಗೆ ಯುಗಾದಿಯಿಂದ ಕೊಟ್ಟಿಲ್ಲ. ಕಂಪ್ಯೂಟರಿಲ್ಲದವರು ಕಾಯುತ್ತಿದ್ದಾರೆ.

ಸೆಪ್ಟೆಂಬರ್ 10, ಬುಧವಾರ

ಸಿಮೆಂಟು ಕೇಳುವವರಿಲ್ಲ. 3ನೇ ತಾರೀಕು ಜಿಎಸ್‌ಟಿ ಮಂಡಳಿ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಿತು, ಜಾರಿ 22ಕ್ಕೆ. ಅಲ್ಲಿಯವರೆಗೆ ಕೆಲಸ ನಿಲ್ಲಿಸಿ ಕೂತಿದ್ದಾರೆ. ಗೋಡೌನಿನಲ್ಲಿ ಮೂಟೆ ಗಟ್ಟಿಯಾಗದಿದ್ದರೆ ಸಾಕು. ತಂಡಿ ಬಿಟ್ಟಿಲ್ಲ. ಹಲಗೆ ಎತ್ತರಿಸಿ ಮತ್ತೆ ಜೋಡಿಸಿದೆವು. ಸೊಂಟ ನೋವು.

ಸೆಪ್ಟೆಂಬರ್ 22, ಸೋಮವಾರ

ಹೊಸ ರೇಟು. ಮೂಲ ಬೆಲೆ 300 ರೂಪಾಯಿಯ ಮೂಟೆಗೆ ತೆರಿಗೆ 84 ಇದ್ದದ್ದು 54. ಮನೆ ಕಟ್ಟುವವರಿಗೆ ಒಳ್ಳೆಯದೇ ಆಯಿತು. ಬೆಳಿಗ್ಗೆಯಿಂದ ಜನ.

ನಾನು ಕೊಂಡಾಗ ಕಟ್ಟಿದ್ದು 28, ಮಾರುವಾಗ ಹಾಕುವುದು 18. ವ್ಯತ್ಯಾಸ ಪೋರ್ಟಲ್‌ನಲ್ಲಿ ಕ್ರೆಡಿಟ್ಟಾಗಿ ಇರುತ್ತದೆ, ನಷ್ಟವಲ್ಲ ಎಂದರು ಆಡಿಟರು. ನಷ್ಟವಲ್ಲ, ನಿಜ. ಕೈಯಲ್ಲೂ ಇಲ್ಲ. ಗುದ್ದಲಿ, ಪಿಕಾಸಿ, ಕುಡುಗೋಲಿಗೆ ಮೊದಲಿನಿಂದಲೂ ತೆರಿಗೆಯಿಲ್ಲ. ಅವುಗಳ ಲೆಕ್ಕ ಬರೆಯುವಾಗ ತಲೆ ಹಗುರ.

ಅಕ್ಟೋಬರ್ 1, ಆಯುಧ ಪೂಜೆ

ತಕ್ಕಡಿ, ಪೈಪ್ ಕಟ್ಟರ್, ಥ್ರೆಡ್ ಹಾಕುವ ಡೈ, ಎಲ್ಲಕ್ಕೂ ಅಪ್ಪ ಕುಂಕುಮ ಹಚ್ಚಿದರು. ಪ್ಲಂಬರುಗಳು, ಗಾರೆಯವರು ಬಂದು ಮಂಡಕ್ಕಿ ತಿಂದು ಹೋದರು. ಇಬ್ಬರು ಹಳೇ ಬಾಕಿ ತಾವಾಗಿಯೇ ಕೊಟ್ಟರು. ತುಂಬಾ ಖುಷಿಯಾಯಿತು.

ಅಕ್ಟೋಬರ್ 11, ಶನಿವಾರ

ಬಣ್ಣದ ಕಂಪನಿಯವರೊಬ್ಬರು ಬಂದಿದ್ದರು. 2024ರಲ್ಲಿ ಬಿರ್ಲಾ ಓಪಸ್ ಬಂದ ಮೇಲೆ ಹಳಬರು ಹೊಸಬರು ಎಲ್ಲರಿಗೂ ಅಂಗಡಿ ಬೇಕು. ಬಣ್ಣ ಬೆರೆಸುವ ಮೆಶಿನ್ ಕೊಡುತ್ತಾರಂತೆ, ಬೋರ್ಡೂ ಅವರದೇ. ಆದರೆ ಎದುರಿನ ಗೋಡೆ ಪೂರ್ತಿ ಬೇಕು. ಆ ಗೋಡೆಯಲ್ಲಿ ಬಿಡಿ ಸಾಮಾನಿನ ಖಾನೆಗಳಿವೆ: ಸ್ಕ್ರೂ, ವಾಶರು, ಮೊಳೆ, ಕೊಂಡಿ. ಅಲ್ಲಿ ಲಾಭ ಪೈಸೆಯ ಲೆಕ್ಕದ್ದು. ಬಣ್ಣದಲ್ಲಿ ಹಾಗಲ್ಲ.

ಮಗಳು ಹೂಂ ಅನ್ನು ಎಂದಳು. ಅಪ್ಪ ಏನೂ ಹೇಳಲಿಲ್ಲ, ಖಾನೆಯೊಂದನ್ನು ಎಳೆದು ತುಕ್ಕು ಹಿಡಿದ ಮೊಳೆ ಆರಿಸುತ್ತಾ ಕೂತರು. ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಒಂದೇ ಒಂದು ವಾಶರು ಬೇಕಾದವನು ಎಲ್ಲಿಗೆ ಹೋಗುತ್ತಾನೆ? ನೂರರ ಪ್ಯಾಕೆಟ್ ತರಿಸುತ್ತಾನೋ? ಅವನಿಗಾಗಿ ನಾನೆಷ್ಟು ದಿನ ಬಾಗಿಲು ತೆಗೆದಿರಲಿ? ಬಾಗಿಲು ತೆಗೆದಿರುವುದರಿಂದಲೇ ಅವನು ನಲ್ಲಿಯನ್ನೂ ಇಲ್ಲೇ ಕೊಳ್ಳುತ್ತಾನೆ ಎಂದೂ ಅನಿಸುತ್ತದೆ.

ಅಕ್ಟೋಬರ್ 22, ಬಲಿಪಾಡ್ಯಮಿ

ಪೂಜೆ ಮುಗಿಸಿ ಹೊಸ ಪುಸ್ತಕ ತೆರೆದೆ. ಹಳೇ ಪುಸ್ತಕದ ಬಾಕಿ ಹೆಸರುಗಳನ್ನು ಇಳಿಸಿಕೊಳ್ಳಲು ಮಧ್ಯಾಹ್ನವೆಲ್ಲ ಬೇಕಾಯಿತು. ಕೊಡದೆ ಹೋಗುವವರು ಎನ್ನುವಂಥ ಹೆಸರು ಅದರಲ್ಲಿ ಕಡಿಮೆ. ತಡವಾಗಿ ಕೊಡುವವರೇ ಎಲ್ಲ.

ಬಣ್ಣದವರಿಗೆ ಫೋನು ಮಾಡಿ ಗೋಡೆ ಕೊಡುವುದಿಲ್ಲ ಎಂದೆ. ಸರಿಯೋ ತಪ್ಪೋ, ಹೇಳಿಯಾಯಿತು.

ಆಚಾರ್ರು ಇಪ್ಪತ್ತು ಮೆಟ್ಟುಗತ್ತಿ ತಂದಿದ್ದರು. ಹಳೇದು ಹೊಸದು ಸೇರಿಸಿ ಅವರ ಬಾಕಿ ಪೂರ್ತಿ ನಗದಾಗಿ ಕೊಟ್ಟೆ. ಗಲ್ಲಾಪೆಟ್ಟಿಗೆ ಹೆಚ್ಚುಕಡಿಮೆ ಖಾಲಿ. ಶಿವಮೊಗ್ಗದಿಂದಲೂ ಇವತ್ತೇ ಲೋಡು ಬಂತು. ಆ ಬಿಲ್ಲಿಗೆ ನವೆಂಬರ್ 6ರೊಳಗೆ ದುಡ್ಡು ಕಟ್ಟಬೇಕು.