ಪೆರಿಸ್‌ನ ಆಕಾಶ, ತಲೆ ಮೇಲಿನ ಕ್ಯಾಮೆರಾ

ಲಾಸ್ ಏಂಜಲೀಸ್‌ನಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ಹೋದ್ರೆ ಪೆರಿಸ್. ಒಣ ಬೆಟ್ಟ, ಧೂಳು, ಚಿತ್ರದುರ್ಗದ ಕಡೆಯಂಥ ಬಿಸಿಲು. ಆದರೆ ಇಲ್ಲಿಗೆ ಬಂದವರ ಕಣ್ಣೆಲ್ಲ ಮೇಲೆ. ಸ್ಕೈಡೈವಿಂಗ್‌ಗೆ ಹೆಸರಾದ ಊರಿದು.

ಹ್ಯಾಂಗರಿನ ನೆರಳಲ್ಲಿ ಫೋಟೊಗ್ರಾಫರ್‌ಗಳು ಹೆಲ್ಮೆಟ್ ಸಜ್ಜು ಮಾಡೋದನ್ನೇ ನೋಡ್ತಾ ಕೂತೆ. ಕ್ಯಾಮೆರಾ ಹಗುರವಾಗಿರಬೇಕು ಅನ್ನೋದು ಆರಾಮಕ್ಕಲ್ಲ, ಕುತ್ತಿಗೆ ಉಳಿಸಿಕೊಳ್ಳೋಕೆ. ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಬೀಳ್ತಿರುವಾಗ ಪ್ಯಾರಾಚೂಟ್ ಬಿಚ್ಚಿಕೊಂಡರೆ ತಲೆ ಮೇಲಿನ ಒಂದೊಂದು ಗ್ರಾಮೂ ಹಲವು ಪಟ್ಟು ಭಾರವಾಗಿ ಜಗ್ಗುತ್ತೆ. ಕ್ಯಾಮೆರಾ ತಲೆಗೆ ಅಂಟಿದಂತಿರಬೇಕು. ಚಾಚಿಕೊಂಡ ಭಾಗಕ್ಕೆ ಪ್ಯಾರಾಚೂಟಿನ ಹಗ್ಗ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಆಗ ಹೆಲ್ಮೆಟ್ಟನ್ನೇ ಕಳಚಿ ಎಸೆಯಲು ಗಲ್ಲದ ಪಟ್ಟಿಗೆ ಒಂದು ಎಳೆ. ಕೈಗಳು ಹಾರೋದಕ್ಕೆ ಬೇಕಲ್ಲ, ಹಾಗಾಗಿ ದೊಡ್ಡ ಕ್ಯಾಮೆರಾದ ಶಟರ್ ಒತ್ತೋದು ಹಲ್ಲಿನಿಂದ!

ಕ್ಯಾಮೆರಾ ಹೊರುವ ಮುನ್ನ 200 ಜಿಗಿತ ಆಗಿರಲಿ ಅನ್ನುತ್ತೆ ಅಮೆರಿಕದ ಪ್ಯಾರಾಚೂಟ್ ಸಂಘ. ಅಂಗೈಯಗಲದ ಗೋಪ್ರೊಗೆ ಇಷ್ಟೊಂದಾ ಅನ್ನಿಸಬಹುದು. ನನಗಂತೂ ಕಡಿಮೆಯೇ ಅನ್ನಿಸ್ತು. 1988ರಲ್ಲಿ ನಾರ್ತ್ ಕೆರೊಲಿನಾದಲ್ಲಿ, ನೂರಾರು ಸಲ ಹಾರಿದ್ದ ಕ್ಯಾಮೆರಾಮನ್ ಒಬ್ಬ ಬೇರೆಯವರ ಜಿಗಿತ ಚಿತ್ರಿಸಲು ವಿಮಾನದಿಂದ ಹಾರಿದ. ಅವನ ಬೆನ್ನ ಮೇಲಿದ್ದದ್ದು ಆ ಕಾಲದ ಭಾರದ ವಿಡಿಯೊ ಸಲಕರಣೆ. ಪ್ಯಾರಾಚೂಟ್ ಇರಲೇ ಇಲ್ಲ.