ಸಿಲೆಬಸ್ಸಿನಲ್ಲಿಲ್ಲದ ತಾಲೀಮು

ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ಒಳಗೆ ಜಮಖಾನೆ ಹಾಸಿದೆ, ಹಿಂದಿನ ಗೋಡೆಗೆ ಒರಗಿ ಕೂಡಲು ಒಬ್ಬರಿಗೆ ಜಾಗವಿದೆ. ಧಾರವಾಡದಲ್ಲಿ ಬೆಳಿಗ್ಗೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಸಂಗೀತ ಕಾಲೇಜಿನ ಈ ಕೋಣೆಯಲ್ಲಿ ಬಿ.ಮ್ಯೂಸಿಕ್ ಕೊನೆಯ ವರ್ಷದವರ ಪ್ರಾಯೋಗಿಕ ಪರೀಕ್ಷೆ ನಡೆದಿದೆ. ಮೇಜಿನ ಆಚೆ ಇಬ್ಬರು ಪರೀಕ್ಷಕರು. ಈಚೆ, ಮಿರಜಿನಲ್ಲಿ ತಯಾರಾದ ತಂಬೂರಿಯನ್ನು ಭುಜಕ್ಕೆ ಆನಿಸಿಕೊಂಡು ಕೂತ ಹುಡುಗಿ. ಪಕ್ಕದಲ್ಲಿ ಮೊಬೈಲಿನ ತಂಬೂರಿ ಆ್ಯಪ್ ಕೂಡ ಸಣ್ಣಗೆ ಓಡುತ್ತಿದೆ. ಹಸಿ ಹವೆಯಲ್ಲಿ ತಂತಿಯನ್ನು ಪೂರಾ ನಂಬುವಂತಿಲ್ಲ.

"ತಬಲಾ ಇಳದೈತಿ ನೋಡೋ ತಮ್ಮಾ," ಎನ್ನುತ್ತಾರೆ ಹಿರಿಯ ಪರೀಕ್ಷಕರು.

"ಮಳಿ ಹವಾ ರೀ ಸರ್."

ಹುಡುಗ ಸಣ್ಣ ಸುತ್ತಿಗೆ ತೆಗೆಯುತ್ತಾನೆ. ತೇವ ಕುಡಿದ ಚರ್ಮ ಸಡಿಲಾಗಿದೆ. ಪಟ್ಟಿಗಳಡಿ ಸಿಕ್ಕಿಸಿದ ಕಟ್ಟಿಗೆಯ ಗಟ್ಟೆಗಳನ್ನು ಒಂದೊಂದಾಗಿ ಕೆಳಕ್ಕೆ ಬಡಿದು, ಬೆರಳ ತುದಿಯಿಂದ ನಾ, ನಾ ಎಂದು ಅಂಚು ನುಡಿಸಿ, ಕಿವಿಯನ್ನು ಹುಡುಗಿಯ ತಂಬೂರಿಯ ಕಡೆಗೇ ಇಟ್ಟು ಸುತ್ತ ಬರುತ್ತಾನೆ. ಕಪ್ಪು ನಾಲ್ಕರ ಷಡ್ಜ ಸಿಕ್ಕಿತು. ಇದಕ್ಕೆ ಅಂಕವಿಲ್ಲ, ಯಾಕೆಂದರೆ ಇಂದು ಪರೀಕ್ಷೆ ಅವನದಲ್ಲ.

ಅವಳು ತೋಡಿ ಹಿಡಿಯುತ್ತಾಳೆ. ವಿಲಂಬಿತ ಏಕತಾಲ, ಹನ್ನೆರಡು ಮಾತ್ರೆ. ಮೊದಲ ಆವರ್ತನದಲ್ಲಿ ದನಿ ತುಸು ನಡುಗುತ್ತದೆ; ಸಮಕ್ಕೆ ಬಂದು ಕೂತ ಮೇಲೆ ಧೈರ್ಯ ಬಂತು. ರಾಗ ಬಿಚ್ಚಿಕೊಳ್ಳುತ್ತಿದೆ ಎನ್ನುವಷ್ಟರಲ್ಲಿ "ಸಾಕವ್ವಾ" ಎಂಬ ಮಾತು. ಹೊರಗೆ ಇನ್ನೂ ಎಂಟು ಮಂದಿ ಕಾಯುತ್ತಿದ್ದಾರೆ.

"ಭೂಪಕ್ಕೂ ದೇಶಕಾರಕ್ಕೂ ಸ್ವರ ಐದೂ ಒಂದ. ಹೆಂಗ ಬ್ಯಾರೆ ಮಾಡ್ತಿ?"

"ಭೂಪದ ವಾದಿ ಗಾಂಧಾರ ರೀ ಸರ್, ದೇಶಕಾರದ್ದು..."

"ಹೇಳಬ್ಯಾಡ. ಹಾಡಿ ತೋರಸು."

ಈಗ ಕಿವಿಗೊಡಿ. ಷಡ್ಜದಿಂದ ರಿಷಭ ದಾಟಿ ಗಾಂಧಾರಕ್ಕೆ ಬಂದು ಆರಾಮಾಗಿ ನಿಲ್ಲುತ್ತಾಳೆ. ಪಂಚಮ, ಧೈವತ ಸುತ್ತಿ ಮತ್ತೆ ಅಲ್ಲಿಗೇ ಇಳಿಯುತ್ತಾಳೆ. ಅದು ಭೂಪ, ಸಂಜೆಯ ರಾಗ. ಒಂದು ಉಸಿರು ಬಿಟ್ಟು, ನೇರ ಧೈವತಕ್ಕೆ ಏರಿ ತಾರ ಷಡ್ಜ ಮುಟ್ಟಿ ಪಂಚಮಕ್ಕೆ ಬರುತ್ತಾಳೆ. ರಿಷಭವನ್ನು ಸೋಕಿಯೂ ಸೋಕದ ಹಾಗೆ ದಾಟಿದಳು. ಬೆಳಗಿನ ದೇಶಕಾರ. ಕೆಳಗೆ ನೋಡುತ್ತಿದ್ದ ಪರೀಕ್ಷಕರು ತಲೆಯೆತ್ತುತ್ತಾರೆ, ಮತ್ತೆ ಬಗ್ಗಿ ಅಂಕ ಬರೆಯುತ್ತಾರೆ. ಈ ಅರ್ಧ ನಿಮಿಷಕ್ಕೆ ಕಾಲೇಜಿನ ತಾಸುಗಳು ಸಾಲುವುದಿಲ್ಲ. ಇದು ನಸುಕಿನಲ್ಲಿ ಗುರುಗಳ ಮನೆಯಲ್ಲಿ ಕೂತು ಕಲಿತದ್ದು. ಆದರೆ ಹೀಗೆ ಎದುರು ಕೂಡಿಸಿ, ಯಾಕೆ, ಹೇಗೆ ಎಂದು ಕೇಳುವವರು ಬೇಕಲ್ಲ, ಅದಕ್ಕೆ ಕಾಲೇಜು.

ಬನ್ನಿ, ಗೇಟಿನ ಎದುರಿನ ಚಹದಂಗಡಿಗೆ ಹೋಗೋಣ. ತಾಡಪತ್ರಿ ಕೆಳಗೆ ಬೆಂಚು, ಕಾದ ಎಣ್ಣೆಯಲ್ಲಿ ಮಿರ್ಚಿ. ಗಿರಮಿಟ್ಟಿನ ಪೊಟ್ಟಣ ಬಿಚ್ಚಿಕೊಂಡು ತಬಲಾ ಹುಡುಗ ಆಗಲೇ ಕೂತಿದ್ದಾನೆ. ಹುಡುಗಿ, ಊರಿಂದ ಬಂದ ಅವಳ ಅಪ್ಪ, ಕಾಲೇಜಿನ ಹಳೆಯ ವಿದ್ಯಾರ್ಥಿ ಒಬ್ಬ. ಆತ ಎಂ.ಮ್ಯೂಸಿಕ್ ಮುಗಿಸಿ, ಕೆ-ಸೆಟ್ ಪಾಸಾಗಿ, ಈಗ ಅತಿಥಿ ಉಪನ್ಯಾಸಕ.

"ಭೀಮಸೇನ ಜೋಶಿಯವರು ಯಾವ ಡಿಗ್ರಿ ಮಾಡಿದ್ರು?" ಅಪ್ಪನ ಪ್ರಶ್ನೆ. ಎಲ್ಲ ಅಪ್ಪಂದಿರೂ ಕೇಳುವುದು ಇದನ್ನೇ. ಡಿಗ್ರಿ ಇರಲಿಲ್ಲ, ನಿಜ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟವರು, ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತರು. ಆದರೆ ಕತೆ ಹೇಳುವವರು ರೇಡಿಯೋವನ್ನು ಮರೆಯುತ್ತಾರೆ. ಜೋಶಿಯವರು ಮುಂಬಯಿಗೆ ಹೋಗಿ ರೇಡಿಯೋ ಕಲಾವಿದರಾಗಿ ದುಡಿದರು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಬರೀ ವೇದಿಕೆಯ ಮೇಲೆ ಬದುಕಿದವರು ಆಗಲೂ ಕಡಿಮೆ.

"ಮುಂದ ಏನೇನ ದಾರಿ ಅದಾವ, ಹೇಳ್ರಿ ಮತ್ತ," ಎಂದು ಅಪ್ಪ ಹಳೆಯ ವಿದ್ಯಾರ್ಥಿಯತ್ತ ತಿರುಗುತ್ತಾರೆ. ಆತ ಚಹಾ ಕೆಳಗಿಟ್ಟು ಹೇಳುತ್ತಾ ಹೋಗುತ್ತಾನೆ. ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ಶಿಷ್ಯವೇತನ: ಹದಿನೆಂಟರಿಂದ ಇಪ್ಪತ್ತೈದು ವಯಸ್ಸಿನವರಿಗೆ, ಎರಡು ವರ್ಷ, ತಿಂಗಳಿಗೆ 5,000 ರೂಪಾಯಿ. ಕೋಲ್ಕತ್ತದ ಐಟಿಸಿ ಸಂಗೀತ ಸಂಶೋಧನಾ ಅಕಾಡೆಮಿಯಲ್ಲಿ ಆಯ್ಕೆಯಾದರೆ ಗುರುಗಳ ಹತ್ತಿರವೇ ಇದ್ದು ಕಲಿಯಬಹುದು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ವಿಶ್ವವಿದ್ಯಾಲಯವಿದೆ. ಆಕಾಶವಾಣಿಯ ಬಿ, ಬಿ-ಹೈ, ಎ, ಟಾಪ್ ಶ್ರೇಣಿಗಳು. ಅವುಗಳಿಂದ ಬರುವ ಹಣಕ್ಕಿಂತ, ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಮುಂದೆ ಅಚ್ಚಾಗುವ ಆ ಒಂದು ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆ ಇದೆ.

"ಮತ್ತ ನಿಮ್ಮ ಮನಿ ಹೆಂಗ ನಡೀತೈತಿ?"

ಆತ ನಗುತ್ತಾನೆ. "ಬೆಳಿಗ್ಗೆ ಆರೂವರೆಗೆ ಕ್ಯಾಲಿಫೋರ್ನಿಯಾದ ಹುಡುಗರಿಗೆ ಆನ್‌ಲೈನ್ ಪಾಠ ರೀ. ಅಲ್ಲೆ ಆಗ ಸಂಜಿ ಆರು. ಹೊಸದಾಗಿ ಕಲಿಯೋರಿಗೆ ಮೊದಲ ಭೂಪನ ಹೇಳಿಕೊಡಬೇಕು. ಮುಂಜಾನೆ ಎದ್ದು ಸಂಜಿ ರಾಗ ಹಾಡೋದಾಗೇತಿ."

ಹುಡುಗಿ ನಗುತ್ತಾಳೆ, ಅಪ್ಪನಿಗೆ ಅರ್ಥವಾಗಲಿಲ್ಲ. ಅತಿಥಿ ಉಪನ್ಯಾಸಕನ ಕೆಲಸಕ್ಕೆ ಮತ್ತೆ ಮತ್ತೆ ಅರ್ಜಿ ಹಾಕಬೇಕು, ಆನ್‌ಲೈನ್ ಪಾಠದ ಹಣ ಮಾತ್ರ ತಿಂಗಳ ಮೊದಲಿಗೇ ಬರುತ್ತದೆ ಎಂದು ಆತ ವಿವರಿಸುತ್ತಾನೆ. ಅಪ್ಪನ ಕಣ್ಣು ತಬಲಾ ಹುಡುಗನ ಕಡೆ ಹೋಗುತ್ತದೆ. ಅವನಿಗೆ ಈ ವಾರ ಪುರಸೊತ್ತಿಲ್ಲ: ನಾಳೆ ಮಠದಲ್ಲಿ ವಚನ ಗಾಯನ, ನಾಡಿದ್ದು ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ರೆಕಾರ್ಡಿಂಗ್, ಭಾನುವಾರ ಕಥಕ್ ಕ್ಲಾಸಿಗೆ ಸಾಥ್. ನನ್ನನ್ನು ಕೇಳಿದರೆ, ಸಂಗೀತದಿಂದಲೇ ಹೊಟ್ಟೆ ಹೊರೆಯಬೇಕು ಎನ್ನುವ ಮಕ್ಕಳಿಗೆ ಸಾಥಿಯ ವಿದ್ಯೆಯನ್ನೂ ಕಲಿಯಿರಿ ಎನ್ನುತ್ತೇನೆ. ಹತ್ತು ಗಾಯಕರಿರುವ ಊರಿನಲ್ಲಿ ಒಳ್ಳೆಯ ಹಾರ್ಮೋನಿಯಂನವರು ಇಬ್ಬರು ಸಿಕ್ಕರೆ ಪುಣ್ಯ.

ಹುಡುಗಿಯ ಫೋನು ರಿಂಗಾಗುತ್ತದೆ. ಹುಬ್ಬಳ್ಳಿಯಿಂದ, ಲಗ್ನದ ಆರತಕ್ಷತೆಗೆ. ದಾಸರ ಪದ, ವಚನ, ಒಂದೂವರೆ ತಾಸು.

"ಬರ್ತೀನ್ರಿ ಕಾಕಾ... ಅಯ್ಯ, ನೀವು ತಿಳದಷ್ಟು ಕೊಡ್ರಿ."

ತಬಲಾ ಹುಡುಗ ಕೈಚಾಚಿ ಫೋನು ಇಸಿದುಕೊಳ್ಳುತ್ತಾನೆ. "ನಮಸ್ಕಾರ್ರೀ. ತಬಲಾದಂವ ಮಾತಾಡಾಕತ್ತೀನಿ. ಗಾಯನ, ತಬಲಾ, ಹಾರ್ಮೋನಿಯಂ, ಮೂರೂ ಬ್ಯಾರೆ ಬ್ಯಾರೆ ರೀ. ಗಾಡಿ ಖರ್ಚು ನಿಮ್ದು. ಅರ್ಧಾ ಮುಂಗಡ ಕಳಸ್ರಿ, ತಾರೀಖು ಹಿಡದ ಇಡ್ತೀವಿ. ಮೈಕ್ ಯಾರದು? ಮಾನಿಟರ್ ಇರಲೇಬೇಕ್ ರೀ, ಇಲ್ಲಂದ್ರ ನಮ್ಮ ದನಿ ನಮಗ ಕೇಳೂದಿಲ್ಲ." ಆ ಕಡೆಯ ಮಾತು ಕೇಳಿಸಿಕೊಂಡು ಹುಡುಗಿಯತ್ತ ನೋಡುತ್ತಾನೆ. ಅವಳು ಬೇಡವೆಂದು ತಲೆಯಾಡಿಸುತ್ತಾಳೆ. "ಇಲ್ಲ ರೀ, ಊಟ ಮೊದಲ ಬ್ಯಾಡ. ಹಾಡಿದ ಮ್ಯಾಲ ಮಾಡ್ತೀವಿ, ಮೂರು ಎಲಿ ಎತ್ತಿ ಇಡ್ರಿ."